ಕಲನಶಾಸ್ತ್ರದ ಬೋಧನೆ: ಉಪನ್ಯಾಸಕರ ತರಬೇತಿ ಉದ್ಯಮದ ಹೊಣೆಯೂ ಹೌದು

ಲೆಕ್ಕ ಬಲ್ಲ ಕೆಲಸಗಾರರು ದೊರೆಯುತ್ತಿಲ್ಲವೆಂಬುದು ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರು. ಗಣಿತದಲ್ಲಿ ನೂರಕ್ಕೆ ತೊಂಬತ್ತು ಅಂಕ ಗಳಿಸಿದ ಯುವಕನೂ ಉಗ್ರಾಣದ ದಾಸ್ತಾನು ಲೆಕ್ಕದ ಮುಂದೆ ಕುಳಿತಾಗ ತಡಬಡಾಯಿಸುತ್ತಾನೆ. ದೋಷವನ್ನು ವಿದ್ಯಾರ್ಥಿಯ ಮೇಲೆ ಹೊರಿಸುವುದು ಸುಲಭ. ಅವನಿಗೆ ಕಲಿಸುವವರನ್ನು ಸಜ್ಜುಗೊಳಿಸುವ ವ್ಯವಸ್ಥೆ ಹೇಗಿದೆಯೆಂದು ವಿಚಾರಿಸುವವರು ಮಾತ್ರ ವಿರಳ.

ಕರ್ನಾಟಕದಲ್ಲಿ ಕಲನಶಾಸ್ತ್ರದ ಬೋಧನೆ ಪದವಿಪೂರ್ವ ತರಗತಿಗಳಲ್ಲಿ ಆರಂಭವಾಗುತ್ತದೆ. ವಿಜ್ಞಾನ ವಿಭಾಗದವರು ಅವಕಲನ, ಅನುಕಲನ ಹಾಗೂ ಅವಕಲ ಸಮೀಕರಣಗಳವರೆಗೆ ಕಲಿಯುತ್ತಾರೆ. ವಾಣಿಜ್ಯ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಆಯ್ದುಕೊಂಡವರಿಗೂ ಇದರ ಮೂಲಾಂಶಗಳು ಪಠ್ಯದಲ್ಲಿವೆ. ಉತ್ಪಾದನೆಯನ್ನು ಒಂದು ಘಟಕ ಹೆಚ್ಚಿಸಿದರೆ ವೆಚ್ಚವೆಷ್ಟು ಏರುತ್ತದೆ, ದರ ಇಳಿಸಿದರೆ ಆದಾಯವೆಷ್ಟು ಬದಲಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ನೀಡುವ ಶಾಸ್ತ್ರವಿದು. ವ್ಯಾಪಾರಿಗೆ ಇದಕ್ಕಿಂತ ಹತ್ತಿರದ ಗಣಿತ ಮತ್ತೊಂದಿಲ್ಲ.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. ಸಣ್ಣ ಕಾರ್ಖಾನೆಯೊಂದಕ್ಕೆ ವರ್ಷಕ್ಕೆ 1,200 ಬೇರಿಂಗ್‌ಗಳು ಬೇಕು. ಪ್ರತಿ ಬಾರಿ ಆರ್ಡರ್ ಸಲ್ಲಿಸಿ ತರಿಸಿಕೊಳ್ಳಲು ತಗಲುವ ವೆಚ್ಚ 600 ರೂಪಾಯಿ. ಒಂದು ಬೇರಿಂಗನ್ನು ವರ್ಷಪೂರ್ತಿ ದಾಸ್ತಾನಿನಲ್ಲಿಡಲು ಬಡ್ಡಿ, ಬಾಡಿಗೆ ಸೇರಿ 16 ರೂಪಾಯಿ. ಪ್ರತಿ ಬಾರಿ 100 ತರಿಸಿದರೆ ಈ ಎರಡೂ ವೆಚ್ಚಗಳ ವಾರ್ಷಿಕ ಮೊತ್ತ 8,000 ರೂಪಾಯಿ. 600 ತರಿಸಿದರೆ 6,000. ಇಡೀ ವರ್ಷದ್ದನ್ನು ಒಮ್ಮೆಗೇ ತರಿಸಿದರೆ 10,200. ವೆಚ್ಚದ ಸಮೀಕರಣವನ್ನು ಅವಕಲಿಸಿ ಸೊನ್ನೆಗೆ ಸಮೀಕರಿಸಿದಾಗ 300 ಎಂಬ ಉತ್ತರ ಬರುತ್ತದೆ. ಆಗ ವೆಚ್ಚ ಕೇವಲ 4,800 ರೂಪಾಯಿ. ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲಿ ಪ್ರಕಟಿಸಿದ ಈ ಸೂತ್ರವು ಇಂದಿಗೂ ವಾಣಿಜ್ಯ ಪದವಿಯ ಪಠ್ಯದಲ್ಲಿದೆ.

ಸೂತ್ರ ಕಂಠಪಾಠ ಮಾಡಿದ ವಿದ್ಯಾರ್ಥಿ 300 ಎಂದು ಬರೆದು ಪೂರ್ಣಾಂಕ ಪಡೆಯುತ್ತಾನೆ. ಆದರೆ ಸರಬರಾಜುದಾರನು 280ರ ಪೆಟ್ಟಿಗೆಯನ್ನಷ್ಟೇ ಕೊಡುವುದಾಗಿ ಹೇಳಿದರೆ ಏನು ಮಾಡಬೇಕೆಂಬುದು ಅವನಿಗೆ ತಿಳಿಯದು. ಲೆಕ್ಕ ಹಾಕಿದರೆ ವೆಚ್ಚ ಸುಮಾರು 4,811 ರೂಪಾಯಿ. ವ್ಯತ್ಯಾಸ ವರ್ಷಕ್ಕೆ ಹನ್ನೊಂದೇ ರೂಪಾಯಿ. ಕನಿಷ್ಠ ಬಿಂದುವಿನಲ್ಲಿ ಬದಲಾವಣೆಯ ದರ ಸೊನ್ನೆಯಾಗಿರುವುದರಿಂದ ಅದರ ಆಸುಪಾಸಿನಲ್ಲಿ ವೆಚ್ಚದ ರೇಖೆ ಬಹುತೇಕ ಸಮತಟ್ಟಾಗಿರುತ್ತದೆ. ಆದ್ದರಿಂದ ಅಲ್ಲಿ ಚೌಕಾಸಿಗೆ ಸಮಯ ವ್ಯರ್ಥ ಮಾಡಬೇಕಿಲ್ಲ. ಅವಕಲನದ ನಿಜವಾದ ತಿಳಿವು ಇದು. ಕರಿಹಲಗೆಯ ಮೇಲೆ ಸೂತ್ರ ಬರೆದು ಮುಂದಿನ ಲೆಕ್ಕಕ್ಕೆ ಸಾಗುವ ಬೋಧನೆಯಲ್ಲಿ ಇದು ವಿದ್ಯಾರ್ಥಿಗೆ ದಕ್ಕುವುದಿಲ್ಲ.

ಇದಕ್ಕೆ ಉಪನ್ಯಾಸಕರನ್ನೇ ಹೊಣೆಗಾರರನ್ನಾಗಿಸುವುದು ನ್ಯಾಯವಲ್ಲ. ಸ್ನಾತಕೋತ್ತರ ಪದವೀಧರರಾದ ಅವರಲ್ಲಿ ವಿಷಯಜ್ಞಾನದ ಕೊರತೆಯಿಲ್ಲ. ಕೊರತೆಯಿರುವುದು ಹದಿನೇಳರ ಹರೆಯದ ಮಕ್ಕಳಿಗೆ ಅದನ್ನು ಮನಗಾಣಿಸುವ ವಿಧಾನದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕನಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ತರಬೇತಿಯ ಅವಕಾಶವಿರಬೇಕೆಂದು ಹೇಳಿದೆ. ಆ ಗಂಟೆಗಳು ಪ್ರಶ್ನೆಪತ್ರಿಕೆಯ ಸ್ವರೂಪ ಮತ್ತು ಮೌಲ್ಯಮಾಪನದ ಚರ್ಚೆಗಷ್ಟೇ ಮೀಸಲಾದರೆ ಪ್ರಯೋಜನವಿಲ್ಲ. ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ, ಒಂದೇ ಕಲ್ಪನೆಯನ್ನು ಅಂಕಿ, ರೇಖಾಚಿತ್ರ ಮತ್ತು ಸಮೀಕರಣ ಎಂಬ ಮೂರು ಬಗೆಯಲ್ಲಿ ಹೇಗೆ ತೋರಿಸಬೇಕು ಎಂಬುದು ತರಬೇತಿಯ ತಿರುಳಾಗಬೇಕು.

ಈ ವಿಷಯದಲ್ಲಿ ಅಮೆರಿಕದ ಅನುಭವ ಪಾಠವಾಗಬಲ್ಲದು. ಲಾಸ್ ಏಂಜಲೀಸಿನ ಬಡ ಬಡಾವಣೆಯ ಗಾರ್‌ಫೀಲ್ಡ್ ಪ್ರೌಢಶಾಲೆಯಲ್ಲಿ ಬೊಲಿವಿಯಾ ಮೂಲದ ಶಿಕ್ಷಕ ಹೈಮೆ ಎಸ್ಕಲಾಂಟೆಯವರ 18 ವಿದ್ಯಾರ್ಥಿಗಳು 1982ರಲ್ಲಿ ಉನ್ನತ ಕಲನಶಾಸ್ತ್ರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ನಂಬಲಾಗದ ಪರೀಕ್ಷಾ ಸಂಸ್ಥೆಯು 14 ಮಂದಿಯ ಉತ್ತರಗಳನ್ನು ಸಂಶಯಿಸಿತು. ಅವರಲ್ಲಿ ಮರುಪರೀಕ್ಷೆ ಬರೆದ 12 ಮಂದಿಯೂ ತೇರ್ಗಡೆಯಾದರು. ಅದು ಒಂದು ವರ್ಷದ ಪವಾಡವಾಗಿರಲಿಲ್ಲ. ಕೆಳ ತರಗತಿಗಳಿಂದಲೇ ಅಡಿಪಾಯ ಹಾಕಿದ ಹಲವು ವರ್ಷಗಳ ದುಡಿಮೆಯಾಗಿತ್ತು. ಆದರೆ 1991ರಲ್ಲಿ ಅವರು ಶಾಲೆ ತೊರೆದ ನಂತರ ತೇರ್ಗಡೆಯ ಸಂಖ್ಯೆ ಕುಸಿಯಿತು. ಮಾಲೀಕನೊಬ್ಬನ ಕೈಚಳಕವನ್ನೇ ನಂಬಿದ ಅಂಗಡಿಯ ಪಾಡು ಏನಾಗುತ್ತದೆಂಬುದು ವರ್ತಕರಿಗೆ ಹೇಳಬೇಕಾದ ಮಾತಲ್ಲ. ಪ್ರತಿಭಾವಂತ ಶಿಕ್ಷಕನ ವಿದ್ಯೆ ಹತ್ತು ಜನರಿಗೆ ಹರಡುವಂತೆ ಮಾಡುವುದೇ ತರಬೇತಿಯ ಉದ್ದೇಶ.

ಇದು ಸರ್ಕಾರದ ಕೆಲಸ, ವರ್ತಕರಿಗೇಕೆ ಎಂಬ ಆಕ್ಷೇಪ ಸಹಜ. ಲೆಕ್ಕಪತ್ರದ ದೃಷ್ಟಿಯಿಂದಲೇ ಉತ್ತರ ಹುಡುಕಬಹುದು. ಜಿಲ್ಲೆಯ 40 ಉಪನ್ಯಾಸಕರಿಗೆ ಬೇಸಿಗೆ ರಜೆಯಲ್ಲಿ ಹತ್ತು ದಿನಗಳ ಶಿಬಿರ ನಡೆಸಲು ತಲಾ ದಿನಕ್ಕೆ 1,000 ರೂಪಾಯಿ ವೆಚ್ಚವೆಂದು ಇಟ್ಟುಕೊಂಡರೆ ಒಟ್ಟು 4 ಲಕ್ಷ ರೂಪಾಯಿ. ಸಂಸ್ಥೆಯ ಇನ್ನೂರು ಸದಸ್ಯರು ಹಂಚಿಕೊಂಡರೆ ತಲಾ 2,000 ರೂಪಾಯಿ. ಒಬ್ಬ ಉಪನ್ಯಾಸಕರು ವರ್ಷಕ್ಕೆ 120 ವಿದ್ಯಾರ್ಥಿಗಳಿಗೆ ಕಲಿಸಿದರೂ ಫಲಾನುಭವಿಗಳು 4,800. ಒಬ್ಬ ವಿದ್ಯಾರ್ಥಿಗೆ ತಗಲುವುದು ನೂರು ರೂಪಾಯಿಗಿಂತ ಕಡಿಮೆ. ಮರುವರ್ಷದ ವಿದ್ಯಾರ್ಥಿಗಳಿಗೆ ಅದೂ ಇಲ್ಲ. ಇಷ್ಟು ಅಗ್ಗದ ಬಂಡವಾಳ ಹೂಡಿಕೆ ಉದ್ಯಮದಲ್ಲಿ ಅಪರೂಪ.

2013ರ ಕಂಪನಿ ಕಾಯಿದೆಯ 135ನೇ ಕಲಮಿನಡಿ ನಿಗದಿತ ಮಿತಿಯನ್ನು ತಲುಪಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಶಿಕ್ಷಣದ ಉತ್ತೇಜನವೂ ಸೇರಿದೆ. ತಮ್ಮ ನೌಕರರಿಗಷ್ಟೇ ನೀಡುವ ತರಬೇತಿ ಇದಕ್ಕೆ ಸಲ್ಲದು. ಸಾರ್ವಜನಿಕ ಕಾಲೇಜುಗಳ ಉಪನ್ಯಾಸಕರ ತರಬೇತಿ ಸಲ್ಲುತ್ತದೆ. ಏಕಮಾಲೀಕತ್ವ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಈ ಕಟ್ಟಳೆಯಿಲ್ಲ. ಆದರೆ ಸ್ವಂತ ಇಚ್ಛೆಗೆ ಅಡ್ಡಿಯೂ ಇಲ್ಲ.

ಸಂಪನ್ಮೂಲ ವ್ಯಕ್ತಿಗಳನ್ನು ದೂರದಿಂದ ಕರೆತರಬೇಕಾದ ಅಗತ್ಯವೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣದಲ್ಲಿ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ಬೋಧಕರಿಗೆ ತರಬೇತಿ ನೀಡುವ ಕೇಂದ್ರವಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು 1963ರಿಂದ ಶಿಕ್ಷಕರನ್ನು ರೂಪಿಸುತ್ತಿದೆ. ಉದ್ಯಮಿಗಳು ಕೊಡಬೇಕಾದದ್ದು ಇವರಲ್ಲಿಲ್ಲದ ವಸ್ತು: ದಾಸ್ತಾನು, ಯಂತ್ರದ ಸವಕಳಿ, ವಿದ್ಯುತ್ ಬಳಕೆ, ದರ ಮತ್ತು ಬೇಡಿಕೆಗಳ ನೈಜ ಅಂಕಿಅಂಶ. ಅವುಗಳಿಂದ ಕನ್ನಡದಲ್ಲಿ ಒಂದು ಸಮಸ್ಯಾ ಸಂಗ್ರಹ ಸಿದ್ಧವಾಗಬೇಕು. ಶಿಬಿರದ ಎರಡು ದಿನಗಳಾದರೂ ಕಾರ್ಖಾನೆಯ ಆವರಣದಲ್ಲಿ ನಡೆಯಬೇಕು. ಶಿಬಿರದ ಯಶಸ್ಸನ್ನು ಹಾಜರಾತಿ ಪ್ರಮಾಣಪತ್ರದಿಂದ ಅಳೆಯದೆ, ಆರು ತಿಂಗಳ ನಂತರ ತರಗತಿಯಲ್ಲಿ ಆದ ಬದಲಾವಣೆಯಿಂದ ಅಳೆಯಬೇಕು.

ಯಂತ್ರಕ್ಕೆ ಎಣ್ಣೆ ಹಾಕದೆ ಉತ್ಪನ್ನದ ಗುಣಮಟ್ಟವನ್ನು ದೂರುವ ಕಾರ್ಖಾನೆದಾರನಿಲ್ಲ. ಕಾಲೇಜುಗಳ ವಿಷಯದಲ್ಲಿಯೂ ಉದ್ಯಮ ವಲಯ ಇದೇ ವಿವೇಕವನ್ನು ತೋರಬೇಕಾಗಿದೆ. ಮುಂದಿನ ಬೇಸಿಗೆ ರಜೆಗೆ ಮುನ್ನ ಪ್ರತಿ ಜಿಲ್ಲೆಯ ವಾಣಿಜ್ಯ ಸಂಸ್ಥೆಯೂ ಇಂಥದೊಂದು ಶಿಬಿರಕ್ಕೆ ತನ್ನ ಆಯವ್ಯಯದಲ್ಲಿ ಹಣ ತೆಗೆದಿರಿಸಿದರೆ, ದೂರುಗಳ ಪಟ್ಟಿಯಲ್ಲಿ ಒಂದಾದರೂ ಕಡಿಮೆಯಾದೀತು.