ಕಂಠೀರವದ ಕುರ್ಚಿ ಹೆಚ್ಚಿಸುವ ಮೊದಲು

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ತುಂಬಿ ತುಳುಕುತ್ತಿತ್ತು. ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತ ಮತ್ತು ಕುವೈತ್ 1–1ರಲ್ಲಿ ಸಮನಾಗಿ, ಪಂದ್ಯ ಪೆನಾಲ್ಟಿಗೆ ಹೋಗಿ, ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಎದುರಾಳಿಯ ಕೊನೆಯ ಹೊಡೆತವನ್ನು ತಡೆದಾಗ ಎದ್ದ ಕೂಗು, ಊರೂರಲ್ಲಿ ಟಿ.ವಿ. ಮುಂದೆ ಕೂತವರನ್ನೂ ಎಬ್ಬಿಸಿ ನಿಲ್ಲಿಸಿತ್ತು. ಅದಕ್ಕೂ ಮೊದಲು, 2016ರ ಅಕ್ಟೋಬರಿನಲ್ಲಿ, ಇದೇ ಅಂಗಳದಲ್ಲಿ ಬೆಂಗಳೂರು ಎಫ್‌ಸಿ ತಂಡ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು 3–1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎನಿಸಿಕೊಂಡಿತ್ತು. ಇಂಥ ರಾತ್ರಿಗಳು ಕಳೆದ ಮೇಲೆ ಅಭಿಮಾನಿಗಳ ನಡುವೆ ಒಂದು ಮಾತು ಏಳುವುದು ಸಹಜ: ಸುಮಾರು 25 ಸಾವಿರ ಜನ ಹಿಡಿಯುವ ಕಂಠೀರವ ಸಾಲದು, ಮೇಲೊಂದು ಮಹಡಿ ಏರಿಸಿ 40 ಸಾವಿರಕ್ಕೆ ಒಯ್ಯಬೇಕು.

ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದು ತಪ್ಪು ಆಸೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರು ಎಫ್‌ಸಿಗೆ ಬೇಕಾಗಿರುವುದು ಈಗಿರುವುದಕ್ಕಿಂತ ಚಿಕ್ಕದಾದ, ಫುಟ್‌ಬಾಲ್‌ಗೆಂದೇ ಕಟ್ಟಿದ, ತನ್ನದೇ ಆದ ಅಂಗಳ.

ಮೊದಲು ಲೆಕ್ಕ ನೋಡೋಣ. ಪೂರ್ಣ ಪ್ರಮಾಣದಲ್ಲಿ ನಡೆಯುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಒಂದು ತಂಡಕ್ಕೆ ತವರಿನಲ್ಲಿ ಸಿಗುವುದು ಹನ್ನೆರಡು–ಹದಿಮೂರು ಪಂದ್ಯ. ಪ್ಲೇಆಫ್ ಸೇರಿಸಿದರೆ ಇನ್ನೊಂದೆರಡು. ಇವುಗಳಲ್ಲಿ ಎಲ್ಲ ಗ್ಯಾಲರಿ ಭರ್ತಿಯಾಗುವುದು ಕೇರಳ ಬ್ಲಾಸ್ಟರ್ಸ್ ಬಂದಾಗ, ಇಲ್ಲವೇ ನಾಕೌಟ್ ಹಂತದಲ್ಲಿ. ಬ್ಲಾಸ್ಟರ್ಸ್ ಪಂದ್ಯದ ದಿನ ಹಳದಿ ಅಂಗಿ ತೊಟ್ಟ ಮಲಯಾಳಿಗಳ ಪಾಲೂ ಅದರಲ್ಲಿ ದೊಡ್ಡದು. ಉಳಿದ ದಿನ, ವಾರದ ನಡುವಿನ ಸಂಜೆ, ಅರ್ಧದಷ್ಟು ಕುರ್ಚಿಗಳು ಖಾಲಿ ಉಳಿದದ್ದನ್ನು ಎಷ್ಟೋ ಸಲ ಕಂಡಿದ್ದೇವೆ. ಲಿವರ್‌ಪೂಲ್ ಕ್ಲಬ್ ಆ್ಯನ್‌ಫೀಲ್ಡನ್ನು 2016ರಲ್ಲೊಮ್ಮೆ, ಈಚೆಗೆ ಮತ್ತೊಮ್ಮೆ ವಿಸ್ತರಿಸಿ 61 ಸಾವಿರಕ್ಕೆ ಏರಿಸಿತು. ಆರ್ಸೆನಲ್ 2006ರಲ್ಲಿ 38 ಸಾವಿರದ ಹೈಬರಿ ಬಿಟ್ಟು 60 ಸಾವಿರದ ಅಂಗಳಕ್ಕೆ ಹೋಯಿತು. ಆ ಕ್ಲಬ್ಬುಗಳಲ್ಲಿ ಸೀಸನ್ ಟಿಕೆಟ್ಟಿಗೆ ವರ್ಷಗಟ್ಟಲೆ ಕಾಯುವವರ ಪಟ್ಟಿಯೇ ಇತ್ತು. ಕುರ್ಚಿ ಕಟ್ಟುವ ಮೊದಲೇ ಕೂರುವವರು ಗೊತ್ತಿದ್ದರು. ಬೆಂಗಳೂರಿನಲ್ಲಿ ಅಂಥ ಪಟ್ಟಿ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಟ್ರ್ಯಾಕ್‌. ಕಂಠೀರವ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಜ್ಜಾದ ಅಥ್ಲೆಟಿಕ್ಸ್ ಕ್ರೀಡಾಂಗಣ. 400 ಮೀಟರ್ ಟ್ರ್ಯಾಕಿನ ಅಂತರರಾಷ್ಟ್ರೀಯ ಅಳತೆಯನ್ನು ಹಿಡಿದು ಲೆಕ್ಕ ಹಾಕಿ. ನೇರ ಓಟದ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅಂದರೆ ಒಳಗಿನ ಉದ್ದ 157 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅದರೊಳಗೆ 105 ಮೀಟರಿನ ಫುಟ್‌ಬಾಲ್ ಅಂಗಣ ಇಟ್ಟರೆ ಪ್ರತಿ ಗೋಲಿನ ಹಿಂದೆ 26 ಮೀಟರ್ ಬಯಲು ಉಳಿಯುತ್ತದೆ. ಅದಕ್ಕೆ ಎಂಟು ಲೇನುಗಳ ಹತ್ತಿರ ಹತ್ತು ಮೀಟರ್ ಕೂಡಿಸಿ. ಗೋಲಿನ ಹಿಂದೆ, ಮೊಟ್ಟಮೊದಲ ಸಾಲಿನಲ್ಲಿ ಕೂತವನಿಗೂ ಗೋಲುಗೆರೆ 36 ಮೀಟರ್ ದೂರ. ಕ್ಲಬ್ಬಿನ ಕಟ್ಟಾ ಅಭಿಮಾನಿ ಬಳಗ ‘ವೆಸ್ಟ್ ಬ್ಲಾಕ್ ಬ್ಲೂಸ್’ ಪಕ್ಕದ ಗ್ಯಾಲರಿಯಲ್ಲಿ ನಿಂತು ಹಾಡುತ್ತದೆ; ಅಲ್ಲಿ ಅಂತರ ಕಡಿಮೆ. ಇಂಥ ಕಡೆ ಮಹಡಿ ಏರಿಸಿದರೆ ಹೊಸದಾಗಿ ಬರುವ ಹದಿನೈದು ಸಾವಿರ ಮಂದಿ ಆಟದಿಂದ ಇನ್ನೂ ಹಿಂದೆ, ಇನ್ನೂ ಮೇಲೆ ಹೋಗಿ ಕೂರಬೇಕು. ಚೆಂಡು ಯಾರ ಕಾಲಲ್ಲಿದೆ ಎಂಬುದನ್ನು ಅಂಗಿಯ ನಂಬರ್ ಹುಡುಕಿ ತಿಳಿಯುವಷ್ಟು ದೂರ. ಅದಕ್ಕಿಂತ ಮೊಬೈಲಿನಲ್ಲಿ ನೋಡುವುದೇ ಮೇಲು ಎಂದು ಒಬ್ಬ ಹುಡುಗ ಅಂದುಕೊಂಡರೆ ಅವನನ್ನು ದೂರುವ ಹಾಗಿಲ್ಲ.

ಇಟಲಿಯ ಯುವೆಂಟಸ್ ಕ್ಲಬ್ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1990ರ ವಿಶ್ವಕಪ್ಪಿಗೆಂದು ಟ್ಯೂರಿನ್ ನಗರದಲ್ಲಿ ಕಟ್ಟಿದ ದೆಲ್ಲೆ ಆಲ್ಪಿ ಕ್ರೀಡಾಂಗಣ ಸುಮಾರು 69 ಸಾವಿರ ಜನ ಹಿಡಿಯುತ್ತಿತ್ತು, ಸುತ್ತ ಟ್ರ್ಯಾಕ್ ಇತ್ತು. ಇಟಲಿಯ ಅತ್ಯಂತ ಜನಪ್ರಿಯ ಕ್ಲಬ್ಬಿಗೂ ಅದನ್ನು ತುಂಬಲು ಆಗಲಿಲ್ಲ. ಕೊನೆಗೆ ಅದನ್ನು ಕೆಡವಿ, ಅದೇ ಜಾಗದಲ್ಲಿ 2011ರಲ್ಲಿ 41 ಸಾವಿರ ಆಸನದ, ಟ್ರ್ಯಾಕ್ ಇಲ್ಲದ ಅಂಗಳ ಕಟ್ಟಿತು. ಕುರ್ಚಿ ಕಡಿಮೆ ಮಾಡಿಕೊಂಡ ಮೇಲೆ ಕ್ರೀಡಾಂಗಣ ತುಂಬತೊಡಗಿತು.

ಇನ್ನು ಕಂಠೀರವದ ಟ್ರ್ಯಾಕನ್ನೇ ತೆಗೆದುಬಿಡಿ ಎನ್ನುವವರೂ ಇದ್ದಾರೆ. ಇದನ್ನು ನಾನು ಸುತರಾಂ ಒಪ್ಪಲಾರೆ. ಕಂಠೀರವ ಕ್ಲಬ್ಬಿನ ಆಸ್ತಿಯಲ್ಲ, ರಾಜ್ಯದ ಕ್ರೀಡಾ ಇಲಾಖೆಯದು. 2014ರಲ್ಲಿ ಬೆಂಗಳೂರು ಎಫ್‌ಸಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಿಟ್ಟು ಇಲ್ಲಿಗೆ ಬಂದ ಮೇಲೆ ಓಟಗಾರರ, ಎಸೆತಗಾರರ ಅಭ್ಯಾಸಕ್ಕೆ ಅಡ್ಡಿಯಾಯಿತೆಂಬ ದೂರು ಶುರುವಾಯಿತು. ಅಥ್ಲೀಟ್‌ಗಳು, ಕೋಚ್‌ಗಳು ಹೈಕೋರ್ಟ್ ಮೆಟ್ಟಿಲೇರಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಹುಲ್ಲಿನ ಅಂಗಣಕ್ಕೆ ಜಾವೆಲಿನ್, ಹ್ಯಾಮರ್ ಬಿದ್ದರೆ ಗುಂಡಿ ಬೀಳುತ್ತದೆ, ಫುಟ್‌ಬಾಲ್ ಆಡಲಾಗದು. ಫುಟ್‌ಬಾಲ್‌ಗೆಂದು ಹುಲ್ಲು ಕಾದರೆ ಎಸೆತಗಾರ ಎಲ್ಲಿಗೆ ಹೋಗಬೇಕು? ರಾಜಧಾನಿಯ ನಡುಮಧ್ಯೆ ಬಡವರ ಮಕ್ಕಳಿಗೆ ಸಿಗುವ ಸಿಂಥೆಟಿಕ್ ಟ್ರ್ಯಾಕುಗಳು ಎಷ್ಟಿವೆ ಎಂಬುದನ್ನು ಬೆರಳಲ್ಲಿ ಎಣಿಸಬಹುದು. ಬೇಸಿಗೆ ರಜೆಯಲ್ಲಿ ರಾಜ್ಯಮಟ್ಟದ ಆಯ್ಕೆಗೆಂದು ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬರುವ ಹುಡುಗಿಗೆ ಕಂಠೀರವ ಅಂದರೆ ಓಡುವ ಜಾಗ. ಆ ಜಾಗವನ್ನು ಆಕೆಯಿಂದ ಕಸಿದು ಫುಟ್‌ಬಾಲ್ ಬೆಳೆಸುವ ಅಗತ್ಯ ಇಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, 2025ರ ಜೂನ್ 4 ಅನ್ನು ಮರೆತು ಈ ನಾಡಿನಲ್ಲಿ ಯಾರೂ ಆಸನ ಸಾಮರ್ಥ್ಯದ ಮಾತಾಡಬಾರದು. ಐಪಿಎಲ್ ಗೆದ್ದ ಆರ್‌ಸಿಬಿ ತಂಡವನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ನೆರೆದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯರು. ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆಯೋಗ ಆ ಕ್ರೀಡಾಂಗಣದ ವಿನ್ಯಾಸವೇ ದೊಡ್ಡ ಜನಸಂದಣಿಗೆ ತಕ್ಕುದಲ್ಲ ಎಂದು ವರದಿ ಕೊಟ್ಟಿತು. ಆ ಗೇಟುಗಳಿಂದ ಕಂಠೀರವ ದೂರವಿಲ್ಲ. ಕಬ್ಬನ್ ಉದ್ಯಾನದ ಒಂದು ಮಗ್ಗುಲಿಗೆ ಅದು, ಇನ್ನೊಂದು ಮಗ್ಗುಲಿಗೆ ಇದು. ಅದೇ ಇಕ್ಕಟ್ಟಾದ ರಸ್ತೆಗಳು, ಅದೇ ಮೆಟ್ರೊ ನಿಲ್ದಾಣ. ಫುಟ್‌ಬಾಲ್ ಲೋಕಕ್ಕೆ ಇದು ಹೊಸ ನೋವೂ ಅಲ್ಲ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗನ್–ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಜೀವ ತೆತ್ತಿದ್ದರು.

ಕ್ರೀಡಾಂಗಣದ ನಿಜವಾದ ಸಾಮರ್ಥ್ಯವನ್ನು ಅಳೆಯಬೇಕಾದದ್ದು ಹೊರಬಾಗಿಲ ಅಗಲದಿಂದ. 1971ರ ಜನವರಿಯಲ್ಲಿ ಗ್ಲಾಸ್ಗೊದ ಐಬ್ರಾಕ್ಸ್‌ನಲ್ಲಿ ಪಂದ್ಯ ಮುಗಿಸಿ ಮೆಟ್ಟಿಲಿಳಿಯುತ್ತಿದ್ದ 66 ಮಂದಿ ಸತ್ತ ಬಳಿಕ ಬ್ರಿಟನ್ ‘ಗ್ರೀನ್ ಗೈಡ್’ ಎಂಬ ಸುರಕ್ಷತಾ ಕೈಪಿಡಿ ತಂದಿತು. ಅದರ ಸೂತ್ರ ಸರಳ. ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ 82 ಜನ, ಮೆಟ್ಟಿಲಿನಲ್ಲಿ 66 ಜನ ಸಾಗಬಲ್ಲರು. ಎಂಟು ನಿಮಿಷದೊಳಗೆ ಎಲ್ಲರೂ ಗ್ಯಾಲರಿಯಿಂದ ಹೊರಬಿದ್ದಿರಬೇಕು. ಈ ಲೆಕ್ಕದಲ್ಲಿ 25 ಸಾವಿರ ಜನ ಮೆಟ್ಟಿಲಿಳಿದು ಬರಲು ಒಟ್ಟು 47 ಮೀಟರ್ ಅಗಲದ ಮೆಟ್ಟಿಲು ಬೇಕು. 40 ಸಾವಿರಕ್ಕೆ 76 ಮೀಟರ್. ಮೂರು ಮೀಟರಿನ ಒಂದೇ ಒಂದು ಗೇಟಿಗೆ ಬೀಗ ಹಾಕಿ ಕಾವಲುಗಾರ ಎತ್ತಲೋ ಹೋದರೆ ಸುಮಾರು ಎರಡು ಸಾವಿರ ಜನರ ದಾರಿ ಮುಚ್ಚಿಹೋಗುತ್ತದೆ. ನಮ್ಮ ಕ್ರೀಡಾಂಗಣಗಳಲ್ಲಿ ಬೀಗ ಬಿದ್ದ ಗೇಟು ಯಾರಿಗೂ ಅಪರೂಪದ ದೃಶ್ಯವಲ್ಲ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆದಾಗ ಫಿಫಾ, ಕೊಚ್ಚಿಯ ಕಲೂರು ಕ್ರೀಡಾಂಗಣಕ್ಕೆ ಸುರಕ್ಷತೆಯ ಕಾರಣ ಹೇಳಿ 29 ಸಾವಿರದ ಮಿತಿ ಹಾಕಿತು. ಲೀಗ್ ಪಂದ್ಯಗಳಿಗೆ ಅದಕ್ಕೂ ಎಷ್ಟೋ ಹೆಚ್ಚು ಜನ ಸೇರುತ್ತಿದ್ದ ಅಂಗಳ ಅದು. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ 1997ರ ಜುಲೈ 13ರಂದು 1.31 ಲಕ್ಷ ಜನ ಒಟ್ಟಿಗೆ ಪಂದ್ಯ ನೋಡಿದ್ದು ದಂತಕಥೆ. ಇಂದು ಅಲ್ಲಿನ ಸಾಮರ್ಥ್ಯ 70 ಸಾವಿರದ ಒಳಗೆ ಇಳಿದಿದೆ. ದೇಶದ ದೊಡ್ಡ ಫುಟ್‌ಬಾಲ್ ಅಂಗಳಗಳು ಜನರನ್ನು ಕಡಿಮೆ ಮಾಡಿಕೊಳ್ಳುತ್ತಿರುವಾಗ ನಾವು ಹಳೆಯ ಕಟ್ಟಡದ ತಲೆಯ ಮೇಲೆ ಹೊರೆ ಹೇರಲು ಹೊರಡುವುದು ಸರಿಯಲ್ಲ.

ಚಿನ್ನಸ್ವಾಮಿ ದುರಂತದ ನಂತರ ಸರ್ಕಾರ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80 ಸಾವಿರ ಆಸನದ ಕ್ರೀಡಾಂಗಣ ಕಟ್ಟುವ 1,650 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಭೀಮಾ ದಂಡೆಯ ನಮ್ಮ ದೇವಣಗಾಂವದಲ್ಲಿ ಕೂತು ಈ ಅಂಕಿ ಓದುವವರಿಗೆ ಬೇರೊಂದು ಪ್ರಶ್ನೆ ಏಳುತ್ತದೆ. ಮೊದಲು ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ಆಲಮೇಲಕ್ಕೆ ಸೇರಿದ ಈ ಊರಿನಲ್ಲಿ ಹುಡುಗರು ಸಂಜೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡುತ್ತಾರೆ. ಜಾತ್ರೆ ಬಂದರೆ ಕುಸ್ತಿ. ಫುಟ್‌ಬಾಲನ್ನು ಅವರು ಬಲ್ಲದ್ದು ಮೊಬೈಲಿನಲ್ಲಿ. ಸುನಿಲ್ ಚೆಟ್ರಿ ಯಾರೆಂದು ಗೊತ್ತು. ಆದರೆ ಬೂಟು ಕಟ್ಟಿ, ಗೆರೆ ಎಳೆದ ಹುಲ್ಲಿನ ಅಂಗಣದಲ್ಲಿ ಹನ್ನೊಂದು ಜನ ಆಡುವ ಪೂರ್ಣ ಪಂದ್ಯ ಕಣ್ಣಾರೆ ಕಂಡವರು ಸಿಗುವುದು ಕಷ್ಟ. ವಿಜಯಪುರ ಜಿಲ್ಲೆ ದೇಶಕ್ಕೆ ಒಳ್ಳೊಳ್ಳೆಯ ಸೈಕ್ಲಿಸ್ಟ್‌ಗಳನ್ನು ಕೊಟ್ಟಿದೆ. ಅವರಿಗಾಗಿ ಜಿಲ್ಲಾ ಕೇಂದ್ರದಲ್ಲಿ ಕೈಗೊಂಡ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿತು. ಕಂಠೀರವಕ್ಕೆ ಮಹಡಿ ಏರಿಸಿದರೆ ಆ ಸಿಮೆಂಟಿನಲ್ಲಿ ಬಸವನ ಬಾಗೇವಾಡಿಯವರು, ಮುದ್ದೇಬಿಹಾಳದವರು ಕಟ್ಟಿದ ತೆರಿಗೆಯೂ ಇರುತ್ತದೆ. ವರ್ಷದಲ್ಲಿ ಎರಡು ರಾತ್ರಿ ತುಂಬುವ ಕುರ್ಚಿಗೆ ಆ ಹಣ ಹೋಗಬೇಕೇ, ತಾಲ್ಲೂಕಿಗೊಂದು ಸಮತಟ್ಟಾದ ಮೈದಾನಕ್ಕೆ ಹೋಗಬೇಕೇ ಎಂದು ಕೇಳುವ ಹಕ್ಕು ಅವರಿಗಿದೆ.

ಮೈದಾನ ಹುಟ್ಟಿಸಿದಷ್ಟು ಫುಟ್‌ಬಾಲನ್ನು ಗ್ಯಾಲರಿ ಎಂದೂ ಹುಟ್ಟಿಸಿಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 1937ರಲ್ಲಿ ರೋವರ್ಸ್ ಕಪ್ ಗೆದ್ದು, ಮರುವರ್ಷ ಮತ್ತೆ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ದೊಡ್ಡ ಕ್ರೀಡಾಂಗಣ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯ ಆಟಗಾರ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ನ ಓಣಿಗಳು, ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು ಆಟಗಾರರನ್ನು ಬೆಳೆಸಿದವು. ಓಣಿಯ ಬಯಲುಗಳು ಮುಚ್ಚಿದಂತೆ ಆ ಬೆಳೆ ಬತ್ತಿತು. 1968–69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಎತ್ತಿ ಹಿಡಿದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ನಡುವೆ 54 ವರ್ಷ ಕಳೆದಿತ್ತು.

ಕ್ಲಬ್ಬಿನ ಹಣದ ಸ್ಥಿತಿಯೂ ವಿಸ್ತರಣೆಯ ಪರವಾಗಿಲ್ಲ. ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವಿನ ಒಪ್ಪಂದ ಮುಗಿಯುತ್ತ ಬಂದು 2025ರ ಜುಲೈನಲ್ಲಿ ಲೀಗ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಬೇಕಾಯಿತು. ಜೆಎಸ್‌ಡಬ್ಲ್ಯುನಂಥ ಉಕ್ಕಿನ ಸಂಸ್ಥೆ ಬೆನ್ನಿಗಿದ್ದ, ಎರಡು ಸಲ ಐ–ಲೀಗ್, 2019ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್ಬಿನ ಗತಿ ಇದು. ಮುಂದಿನ ಪಂದ್ಯ ಯಾವತ್ತು ಎಂದು ಗೊತ್ತಿಲ್ಲದ ದಿನ ಬರಬಹುದಾದ ಲೀಗ್ ನಂಬಿ ಯಾರೂ ಮೂವತ್ತು ವರ್ಷದ ಕಾಂಕ್ರೀಟು ಹಾಕಬಾರದು.

ಹಾಗಾದರೆ ದೊಡ್ಡ ಪಂದ್ಯದ ದಿನ ಹೊರಗುಳಿಯುವವರ ಗತಿ? ಈ ಆಕ್ಷೇಪಕ್ಕೆ ಬೆಲೆ ಇದೆ. ಟಿಕೆಟ್ ಸಿಗದೆ ಮರಳಿದ ಹುಡುಗನ ನಿರಾಸೆ ಸಣ್ಣದಲ್ಲ, ಅದರಲ್ಲೂ ದೂರದೂರಿನಿಂದ ಬಂದವನಾದರೆ. ಆದರೆ ತವರಿನ ಪ್ರತಿ ಪಂದ್ಯಕ್ಕೂ ಹದಿನೈದು ಸಾವಿರ ಜನ ಅಂಗಣಕ್ಕೆ ಅಂಟಿಕೊಂಡು ಕೂತು ಕೂಗುವ ಅಂಗಳವಿದ್ದರೆ ಕ್ಲಬ್ಬಿಗೆ ಟಿಕೆಟಿನ ಆದಾಯ ಸ್ಥಿರವಾಗುತ್ತದೆ, ಆಟಗಾರರಿಗೆ ಬಲ ಬರುತ್ತದೆ, ಮೊದಲ ಸಲ ಬಂದ ಮಗು ಎರಡನೇ ಸಲವೂ ಬರುತ್ತದೆ. ಬೆಳೆಯುವ ದಾರಿಯನ್ನು ನಕ್ಷೆಯಲ್ಲೇ ಬಿಟ್ಟಿರಬಹುದು. ಬರ್ಲಿನ್ನಿನ ಯೂನಿಯನ್ ಕ್ಲಬ್ಬಿಗೆ ದುಡ್ಡಿಲ್ಲದಿದ್ದಾಗ 2008–09ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಕೂಲಿ ಪಡೆಯದೆ ಕೆಲಸ ಮಾಡಿ ತಮ್ಮ ಹಳೆಯ ಅಂಗಳವನ್ನು ಮತ್ತೆ ಕಟ್ಟಿದರು. ಸುಮಾರು 22 ಸಾವಿರದ ಆ ಅಂಗಳ ತುಂಬತೊಡಗಿದ ಮೇಲೆ ಕ್ಲಬ್ ವಿಸ್ತರಣೆಯ ಯೋಜನೆ ಹಾಕಿತು. ಜನ ಮೊದಲು ಬಂದರು, ಕುರ್ಚಿಯ ಮಾತು ನಂತರ ಬಂತು.

ಬೆಂಗಳೂರಿನಲ್ಲಿ ಇದಕ್ಕೆ ಮಾಡಬೇಕಾದ ಏರ್ಪಾಡು ಕಠಿಣವೇನಲ್ಲ. ಮೆಟ್ರೊ ಮಾರ್ಗಕ್ಕೆ ಹತ್ತಿರದ ಸರ್ಕಾರಿ ಜಾಗವನ್ನು ಕ್ಲಬ್ಬಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡಲಿ. ಕಟ್ಟುವ ಖರ್ಚು ಕ್ಲಬ್ಬಿನದೇ ಇರಲಿ. ಕರಾರಿನಲ್ಲಿ ಮೂರು ಷರತ್ತು ಬರೆಯಲಿ. ಅಂಗಳದ ಸುರಕ್ಷಿತ ಸಾಮರ್ಥ್ಯ ಎಷ್ಟು, ಹೊರಬಾಗಿಲುಗಳ ಒಟ್ಟು ಅಗಲ ಎಷ್ಟು ಎಂಬುದನ್ನು ಪ್ರತಿ ವರ್ಷ ಅಗ್ನಿಶಾಮಕ ದಳದಿಂದ ಪರೀಕ್ಷಿಸಿ ಗೇಟಿನ ಮೇಲೆ ಬರೆಸಬೇಕು. ಲೀಗ್ ಇಲ್ಲದ ತಿಂಗಳುಗಳಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಪಂದ್ಯಗಳಿಗೆ, ಹೆಣ್ಣುಮಕ್ಕಳ ಲೀಗಿಗೆ ಅಂಗಳ ತೆರೆದಿರಬೇಕು. ಗುತ್ತಿಗೆಯ ಬಾಡಿಗೆ ಸರ್ಕಾರದ ಬೊಕ್ಕಸದಲ್ಲಿ ಕರಗದೆ ಜಿಲ್ಲೆಗಳ ಮೈದಾನಕ್ಕೇ ಹೋಗಬೇಕು; ಅದರ ಮೊದಲ ಪಟ್ಟಿಯಲ್ಲಿ ಇಂದಿಗೂ ಒಂದು ಸರಿಯಾದ ಫುಟ್‌ಬಾಲ್ ಅಂಗಣ ಕಾಣದ ಆಲಮೇಲ, ಸಿಂದಗಿ, ಇಂಡಿಯಂಥ ತಾಲ್ಲೂಕುಗಳ ಹೆಸರಿರಬೇಕು.