ಸುತ್ತಿಗೆ ಕೆಳಗಿಡ್ರಿ! (ಭಾಗ 3)

ರಾಮನಗರದ ಗೆಳೆಯರೇ, ಮಳೆ ಬಿತ್ತು, ಹುಲ್ಲು ಎದ್ದಿತು, ಬ್ರಶ್ ಕಟ್ಟರ್ ಹೊರಗೆ ಬಂತು. ಬ್ಲೇಡ್ ಜಾಮ್ ಆದ್ರೆ ಸುತ್ತಿಗೆಯಿಂದ ಬಡಿದು "ಮಷಿನ್ನೇ ಸರಿಯಿಲ್ಲ" ಅಂತೀರಲ್ಲ, ತಪ್ಪು ಯಾರದು?

ಹೆಚ್ಚಿನ ಬ್ರಶ್ ಕಟ್ಟರ್‌ಗಳ ಬ್ಲೇಡ್ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತೆ. ಗಡಿಯಾರದ ಮುಳ್ಳು ತಿರುಗೋ ಕಡೆಗೇ ತಿರುಗಿಸಿದ್ರೆ ಬಿಚ್ಚುತ್ತೆ. ಇನ್ನೊಂದು ಕಡೆ ಜೋರು ಹಾಕಿದಷ್ಟೂ ಬಿಗಿ!

ಮೊದಲು ಇಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತಿಡ್ರಿ. ದಪ್ಪ ಗ್ಲೌಸ್ ಹಾಕ್ಕೊಳ್ಳಿ. ಗೇರ್ ಹೆಡ್ಡಿನ ತೂತಿಗೆ ಲಾಕ್ ಪಿನ್ ಹಾಕಿ. ತುಕ್ಕಿದ್ರೆ ಎಣ್ಣೆ ಬಿಟ್ಟು ಕಾಯ್ರಿ. ಆಮೇಲೆ ಪಾನಾ.

ಕೂಲಿಯವರಿಗೆ ಮಷಿನ್ ಕೊಡ್ತೀವಿ, ಗ್ಲೌಸ್ ಯಾಕೆ ಕೊಡಲ್ಲ? ಬಿಕಾಂ ಲೆಕ್ಕ ಕೇಳಿ: ನಟ್ ಹೋದ್ರೆ ಖರ್ಚು. ಬೆರಳು ಹೋದ್ರೆ ಯಾವ ಲೆಡ್ಜರ್‌ನಲ್ಲೂ ಅದು ಟ್ಯಾಲಿ ಆಗಲ್ಲ.

#ರಾಮನಗರ #ಜೋಯಿಡಾ #ಬೆರಳುಮೊದಲು