ಕವಾಟ ಬದಲಿಸಿಕೊಂಡವರ ಜ್ವರ ಮಾಮೂಲಿ ಜ್ವರವಲ್ಲ
ಹೃದಯದ ಕವಾಟಕ್ಕೆ ಫಂಗಸ್ ಅಂದರೆ ಶಿಲೀಂಧ್ರ ಸೋಂಕು ತಗುಲುವುದು ಅಪರೂಪ. ಕವಾಟದ ಸೋಂಕುಗಳಲ್ಲಿ ಇದರ ಪಾಲು ನೂರಕ್ಕೆ ಒಂದೆರಡು. ಆದರೆ ತಗುಲಿದರೆ, ಚಿಕಿತ್ಸೆ ಸಿಕ್ಕರೂ ಹೆಚ್ಚುಕಮ್ಮಿ ಅರ್ಧದಷ್ಟು ಜನ ಉಳಿಯುವುದಿಲ್ಲ.

ಯಾರಿಗೆ ಅಪಾಯ? ಕೃತಕ ಕವಾಟ ಹಾಕಿಸಿಕೊಂಡವರಿಗೆ, ಐಸಿಯುನಲ್ಲಿ ವಾರಗಟ್ಟಲೆ ರಕ್ತನಾಳದ ನಳಿಕೆ ಮತ್ತು ಆ್ಯಂಟಿಬಯಾಟಿಕ್ ಮೇಲಿದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ.

ಕೊಳ್ಳೇಗಾಲ, ಹನೂರು, ಯಳಂದೂರಿನವರು ಕವಾಟದ ಆಪರೇಷನ್‌ಗೆ ಮೈಸೂರಿಗೋ ಬೆಂಗಳೂರಿಗೋ ಹೋಗಿಬರುತ್ತಾರೆ. ಊರಿಗೆ ಮರಳಿದ ಮೇಲೆ ಜ್ವರ ಬಂದ್ರೆ? ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್. ಇಳಿಯಲಿಲ್ಲ ಅಂದ್ರೆ ಇನ್ನೊಂದು. ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ಫಂಗಸ್ಸನ್ನಲ್ಲ. ಹೀಗೆ ಕಳೆದುಹೋಗುವ ವಾರಗಳೇ ಜೀವಕ್ಕೆ ಕುತ್ತು.

ಚಿಕಿತ್ಸೆಯೂ ಸುಲಭವಲ್ಲ. ಆಂಫೊಟೆರಿಸಿನ್-ಬಿಯಂಥ ಔಷಧ, ಸಾಧ್ಯವಾದರೆ ಮತ್ತೆ ಆಪರೇಷನ್, ಆಮೇಲೆ ದೀರ್ಘಕಾಲ ಮಾತ್ರೆ. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಇದೇ ಆಂಫೊಟೆರಿಸಿನ್‌ಗಾಗಿ ರಾಜ್ಯವೇ ಪರದಾಡಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಯಾರೂ ಕೇಳುತ್ತಿಲ್ಲ. ಕೇಳಬೇಕಾದ್ದು ಇಷ್ಟೇ: ಕವಾಟ ಬದಲಿಸಿಕೊಂಡವರು ಜ್ವರ ಅಂತ ಬಂದರೆ ಆ್ಯಂಟಿಬಯಾಟಿಕ್ ಕೊಡುವ ಮುನ್ನವೇ ಕಲ್ಚರ್‌ಗೆ ರಕ್ತ ತೆಗೆಯಬೇಕು, ತಡಮಾಡದೆ ಎಕೋಗೆ ಕಳಿಸಬೇಕು. ಆಸ್ಪರ್ಜಿಲಸ್‌ನಂಥ ಫಂಗಸ್ ಕಲ್ಚರ್‌ನಲ್ಲೂ ಸಿಗುವುದು ವಿರಳ. ಹಾಗಾಗಿ ರಿಪೋರ್ಟ್ ನಾರ್ಮಲ್ ಅಂತ ಸುಮ್ಮನಾಗುವ ಹಾಗಿಲ್ಲ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ರಕ್ತದ ಬಾಟಲಿ ಮೈಸೂರಿನ ಲ್ಯಾಬಿಗೆ ಹೊತ್ತಿಗೆ ಸರಿಯಾಗಿ ತಲುಪುವ ವ್ಯವಸ್ಥೆ ಬೇಕು.